ತಲೆಪೆಟ್ಟಿನ ರೇಗಾಟ: ಮಾತ್ರೆಗೆ ಮೊದಲು ಮೈ ನೋಡುತ್ತೇನೆ

ತಲೆಗೆ ಪೆಟ್ಟು ಬಿದ್ದವರಿಗೆ ಎಚ್ಚರವಾಗಿ, ಬೈಯುವುದು, ಒದೆಯುವುದು, ಪೈಪು ಕೀಳುವುದು ಶುರುವಾದರೆ ಕೋಲಾರದ ಕಡೆ ಮನೆಯವರು ಕೇಳುವುದು ಒಂದೇ: ‘ಹುಚ್ಚು ಹಿಡೀತಾ ಸಾರ್?’ ಹುಚ್ಚಲ್ಲ. ಎಚ್ಚರ ಬಂದಿದೆ, ಹೊಸ ನೆನಪು ನಿಲ್ಲುತ್ತಿಲ್ಲ. ಎಲ್ಲಿದ್ದೇನೆ, ಮೂಗಲ್ಲಿ ಇದೇನು ಎಂದೇ ತಿಳಿಯದವನು ಪೈಪು ಕೀಳದೆ ಇನ್ನೇನು ಮಾಡಿಯಾನು? ತಲೆಪೆಟ್ಟಿನ ಚೇತರಿಕೆಯನ್ನು ಹಂತಹಂತವಾಗಿ ಅಳೆಯುವ ರಾಂಚೋ ಮಾಪಕದಲ್ಲಿ ಇದು 4ನೇ ಹಂತ; ಎಷ್ಟೋ ಜನ ಇದನ್ನು ದಾಟಿಯೇ ಚೇತರಿಸಿಕೊಳ್ಳುತ್ತಾರೆ.

ಮೊದಲು ಕಿಬ್ಬೊಟ್ಟೆ ಮುಟ್ಟುತ್ತೇನೆ. ಬಿಗಿದಿದ್ದರೆ ಮೂತ್ರ ಕಟ್ಟಿದೆ, ಇಲ್ಲವೇ ಕ್ಯಾತಿಟರ್ (ಮೂತ್ರದ ಪೈಪು) ಎಲ್ಲೋ ಮಡಚಿಕೊಂಡಿದೆ. ಮಲ ಹೋಗಿ ಎಷ್ಟು ದಿನವಾಯಿತು? ಜ್ವರ, ಆಮ್ಲಜನಕ, ಸಕ್ಕರೆ, ಸೋಡಿಯಂ ನೋಡುತ್ತೇನೆ. ಮಗ್ಗುಲು ತಿರುಗಿಸಿದಾಗಲೆಲ್ಲ ಕಿರುಚಿದರೆ ಕಣ್ತಪ್ಪಿದ ಮೂಳೆಮುರಿತ ಹುಡುಕಬೇಕು. ಕುಡಿತವಿದ್ದವರಿಗೆ ಬಿಟ್ಟ 2–3ನೇ ದಿನ ನಡುಕ, ಬೆವರು, ಭ್ರಮೆ ಬರಬಹುದು. ಅದರ ಚಿಕಿತ್ಸೆಯೇ ಬೇರೆ. ಎಲ್ಲರೆದುರು ಯಾರೂ ಒಪ್ಪುವುದಿಲ್ಲ, ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಬೇಕು. ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಕೂಡ ಕೆಲವರಲ್ಲಿ ಸಿಟ್ಟು ತರಿಸುತ್ತದೆ. ಆದರೆ ಅದನ್ನು ತಾವಾಗಿ ನಿಲ್ಲಿಸಬಾರದು, ಫಿಟ್ಸ್ ಬಂದೀತು.

ರೇಗಾಟ ಅಳೆಯಲು 14 ವರ್ತನೆಗಳ ಪಟ್ಟಿಯಿದೆ. ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 21ರವರೆಗೆ ಚಿಂತೆಯಿಲ್ಲ, 35 ದಾಟಿದರೆ ತೀವ್ರ. ಪಾಳಿಗೊಮ್ಮೆ ಬರೆದಿಟ್ಟರೆ ಏರುವ ಹೊತ್ತು ತಾನಾಗಿ ಕಾಣುತ್ತದೆ. ಸಂಜೆ ಏರಿದರೆ ಭೇಟಿಯ ಸಮಯವನ್ನು ನೋಡಿ.

ಮಾಲೂರು, ಬಂಗಾರಪೇಟೆಯಿಂದ ಬಂದ ಎಂಟು ಜನ ಮಂಚ ಸುತ್ತುವರಿದು ‘ನಾನ್ಯಾರು ಹೇಳು ನೋಡೋಣ’ ಎನ್ನುತ್ತಾರೆ. ಹೆಸರು ಹೊಳೆಯುವುದಿಲ್ಲ, ಮುಖ ಕೆಂಪಾಗುತ್ತದೆ, ಕೈ ಏಳುತ್ತದೆ. ಕೇಳಬೇಡಿ, ನೀವೇ ಹೇಳಿ: ‘ನಾನು ನಿನ್ನ ಚಿಕ್ಕಪ್ಪ ಕಣಪ್ಪ. ಆಸ್ಪತ್ರೆಯಲ್ಲಿದ್ದೀಯ. ತಲೆಗೆ ಪೆಟ್ಟಾಗಿತ್ತು.’ ಒಬ್ಬರೇ ಬನ್ನಿ, ಹತ್ತು ನಿಮಿಷ ಸಾಕು, ಮೊಬೈಲ್ ಹೊರಗಿರಲಿ. ಮನೆಮಾತು ತೆಲುಗಾದರೆ ತೆಲುಗಲ್ಲೇ ಮಾತಾಡಿ. ವಾರ್ಡಿನ ಕನ್ನಡಕ್ಕೆ ಬಗ್ಗದವರು ‘ಏಂ ನಾಯನಾ’ (ಏನಪ್ಪಾ) ಎಂದು ಕರೆದರೆ ತಿರುಗಿ ನೋಡುತ್ತಾರೆ.

ಕೈಕಾಲು ಕಟ್ಟಿದರೆ ಎಳೆದಾಟ ಜಾಸ್ತಿಯೇ ಆಗುತ್ತದೆ. ಹಾಸಿಗೆ ನೆಲಕ್ಕಿಳಿಸುತ್ತೇನೆ, ಸೂಜಿಯ ಮೇಲೆ ಬ್ಯಾಂಡೇಜ್ ಸುತ್ತಿ ಮರೆಮಾಡುತ್ತೇನೆ, ನಡೆಯಬಲ್ಲವರನ್ನು ಜೊತೆಗೊಬ್ಬರನ್ನಿಟ್ಟು ನಡೆಸುತ್ತೇನೆ. ಲೊರಾಜೆಪಾಮ್ ಮಲಗಿಸುತ್ತದೆ ನಿಜ, ಗೊಂದಲ ಹೆಚ್ಚಿಸುತ್ತದೆ. ರೇಗಾಟ ತಗ್ಗಿಸಲು ವೈದ್ಯರು ಪ್ರೊಪ್ರನೊಲಾಲ್ ಮಾತ್ರೆ ಬರೆದರೆ ನಾಡಿ, ಬಿಪಿ ನೋಡಿಯೇ ಕೊಡಬೇಕು; ಅಸ್ತಮಾ ಇದ್ದರೆ ಮೊದಲೇ ಹೇಳಿಬಿಡಿ.

ರೇಗುತ್ತಿದ್ದವರು ಇದ್ದಕ್ಕಿದ್ದಂತೆ ತಣ್ಣಗಾದರೆ ಮನೆಯವರು ಉಸ್ಸೆನ್ನುತ್ತಾರೆ. ನನಗೆ ಭಯ ಆಗಲೇ. ತಟ್ಟಿದರೂ ಏಳದ ಮಂಪರು, ವಾಂತಿ, ಒಂದು ಕಣ್ಣಿನ ಪಾಪೆ ದೊಡ್ಡದಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ ಸಿಟಿ ಸ್ಕ್ಯಾನಿಗೆ ಕಳಿಸುತ್ತೇನೆ.