ಮೈದಾನದ ಫುಟ್‌ಬಾಲ್ ಮನೆಯ ಟಿವಿಗೆ: ಜಿಲ್ಲಾ ಲೀಗ್‌ಗೆ ವೀಕ್ಷಕರನ್ನು ಕಟ್ಟುವುದು ಹೇಗೆ?

ಮಂಗಳೂರಿನ ನೆಹರೂ ಮೈದಾನದಲ್ಲಿ ಒಳ್ಳೆಯ ಪಂದ್ಯವಿದ್ದರೆ ಸಾಕು, ಕಸಬಾ ಬೆಂಗ್ರೆ, ಉಳ್ಳಾಲ, ಬಂದರು ಕಡೆಯ ಹುಡುಗರು ಬಂದು ಗೆರೆಯ ಸುತ್ತ ನಿಲ್ಲುತ್ತಾರೆ. ಅದೇ ಪಂದ್ಯವನ್ನು ಕೇಬಲ್ ಚಾನೆಲ್‌ನಲ್ಲೋ ಯೂಟ್ಯೂಬ್‌ನಲ್ಲೋ ಹಾಕಿದರೆ ನೋಡುವವರು ಬೆರಳೆಣಿಕೆಯಷ್ಟು. ಆಟ ಕಳಪೆ ಎಂದು ಹೀಗಾಗುವುದಲ್ಲ. ಪಂದ್ಯ ಯಾವಾಗ ಬರುತ್ತದೆಂದು ಮನೆಯವರಿಗೆ ಗೊತ್ತಿಲ್ಲ, ಆಡುವವರು ಯಾರೆಂದು ತಿಳಿಯುವುದಿಲ್ಲ, ಚೆಂಡು ಕಾಣಿಸುವುದಿಲ್ಲ. ಇವನ್ನು ಇದೇ ಕ್ರಮದಲ್ಲಿ ಸರಿಪಡಿಸಬೇಕು. ಆದರೆ ಹೆಚ್ಚಿನ ಸಂಘಟಕರು ಕೊನೆಯದರಿಂದ, ಅಂದರೆ ಕ್ಯಾಮೆರಾ ಬಾಡಿಗೆಯಿಂದ ಶುರು ಮಾಡುತ್ತಾರೆ.

1. ದಿನ ಮತ್ತು ಹೊತ್ತು

2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದಾಗ ಮನೆಮಂದಿಯೆಲ್ಲ ಅದಕ್ಕೆ ಅಂಟಿಕೊಳ್ಳಲು ದೊಡ್ಡ ಕಾರಣ, ರಾತ್ರಿ ಊಟದ ಹೊತ್ತಿಗೆ ತಪ್ಪದೆ ಬರುತ್ತಿತ್ತು ಎಂಬುದು. ನೋಡುವ ಅಭ್ಯಾಸ ಬೀಳುವುದು ಹಾಗೆ. ಒಂದು ವಾರ ಬುಧವಾರ, ಮುಂದಿನ ವಾರ ಭಾನುವಾರ ಎಂದರೆ ಯಾರೂ ಕಾದು ಕೂರುವುದಿಲ್ಲ.

ಕರಾವಳಿಗೆ ಹೊಂದುವ ಹೊತ್ತು ಶನಿವಾರ ಸಂಜೆ 4 ಗಂಟೆ. ಭಾನುವಾರ ಮದುವೆ, ಆರತಕ್ಷತೆ ಇರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಂಬಳದ ಸೀಸನ್. ಶನಿವಾರ ಶುರುವಾಗುವ ಕೂಟ ಫೈನಲ್‌ಗೆ ತಲುಪುವುದು ಭಾನುವಾರ. ಕಂಬಳದ ಫೈನಲ್ ಎದುರು ಫುಟ್‌ಬಾಲ್ ಇಟ್ಟು ಗೆಲ್ಲಲು ಸಾಧ್ಯವಿಲ್ಲ. ಗಲ್ಫ್‌ನಲ್ಲಿರುವ ನಮ್ಮವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೌದಿ, ಕತಾರ್, ಕುವೈತ್‌ನಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ-ಭಾನುವಾರ. ಎಲ್ಲರಿಗೂ ಹೊಂದುವುದು ಶನಿವಾರ ಒಂದೇ. ಇಲ್ಲಿ 4 ಗಂಟೆಯಾದಾಗ ದುಬೈಯಲ್ಲಿ 2.30, ಸೌದಿಯಲ್ಲಿ 1.30. ಊಟ ಮುಗಿಸಿ ಮೊಬೈಲ್ ಹಿಡಿದು ಕೂರುವ ಸಮಯ ಅದು.

ಇನ್ನೊಂದು ಲಾಭವೂ ಇದೆ. ಚಳಿಗಾಲದಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಶನಿವಾರದ ಮೊದಲ ಪಂದ್ಯ ನಮ್ಮ 6 ಗಂಟೆಗೆ. ನಿಮ್ಮ ಪಂದ್ಯ 5.50ರ ಹೊತ್ತಿಗೆ ಮುಗಿದರೆ, ಫುಟ್‌ಬಾಲ್ ಹುಚ್ಚಿರುವ ಹುಡುಗನಿಗೆ ಎರಡರಲ್ಲಿ ಒಂದನ್ನು ಬಿಡುವ ಸಂಕಟವಿಲ್ಲ. ಬೆಳಕೂ ಅಷ್ಟಕ್ಕೇ ಸಾಕಾಗುತ್ತದೆ: ನವೆಂಬರ್ ಮಧ್ಯದಲ್ಲಿ ಮಂಗಳೂರಿನ ಸೂರ್ಯಾಸ್ತ 6 ಗಂಟೆಯ ಆಸುಪಾಸು. ಉದ್ಘಾಟನೆ, ಅತಿಥಿಗಳ ಭಾಷಣ ಎಂದು 4.20ಕ್ಕೆ ಶುರು ಮಾಡಿದರೆ ಕೊನೆಯ ಹತ್ತು ನಿಮಿಷ ಮಬ್ಬು ಬೆಳಕಲ್ಲಿ ಹೋಗುತ್ತದೆ. ಭಾಷಣಗಳನ್ನು 3.30ಕ್ಕೇ ಮುಗಿಸಿ, ನೇರಪ್ರಸಾರ 3.45ಕ್ಕೆ, ಕಿಕ್‌ಆಫ್ 4ಕ್ಕೆ. ಇದರಲ್ಲಿ ರಾಜಿ ಬೇಡ.

ಎಂಟು ತಂಡಗಳು ಪರಸ್ಪರ ಎರಡೆರಡು ಸಲ ಆಡಿದರೆ 14 ಸುತ್ತು, 56 ಪಂದ್ಯ. ಎಲ್ಲವನ್ನೂ ತೋರಿಸಲು ಹೋಗಬೇಡಿ. ಸುತ್ತಿಗೊಂದರಂತೆ 14 ಪಂದ್ಯ ಆರಿಸಿ, ಪ್ರತಿ ತಂಡ ಕನಿಷ್ಠ ಮೂರು ಸಲ ಟಿವಿಯಲ್ಲಿ ಬರುವಂತೆ ನೋಡಿಕೊಳ್ಳಿ. ಬಲಿಷ್ಠ ಎರಡು ತಂಡಗಳನ್ನೇ ತೋರಿಸುತ್ತಿದ್ದರೆ ಉಳಿದ ಆರು ಊರುಗಳ ವೀಕ್ಷಕರನ್ನು ನೀವೇ ಕಳೆದುಕೊಂಡಂತೆ. ನವೆಂಬರ್ ಮೊದಲ ಶನಿವಾರ ಶುರು ಮಾಡಿದರೆ ಫೆಬ್ರವರಿ ಮೊದಲ ವಾರಕ್ಕೆ ಮುಗಿಯುತ್ತದೆ. ರಂಜಾನ್ ಉಪವಾಸದ ತಿಂಗಳು ವರ್ಷಕ್ಕೆ 10-11 ದಿನ ಹಿಂದೆ ಸರಿಯುತ್ತದೆ ಎಂಬುದನ್ನು ನೆನಪಿಟ್ಟು ವೇಳಾಪಟ್ಟಿ ಹಾಕಿ. ಉಪವಾಸವಿರುವ ಆಟಗಾರರನ್ನು ಸಂಜೆ ಬಿಸಿಲಲ್ಲಿ ಓಡಿಸುವುದು ನ್ಯಾಯವಲ್ಲ.

2. ಆಟಗಾರರ ಪರಿಚಯ

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಮೂವರ ಹೆಸರು ಹೇಳಿ ಎಂದರೆ ಫುಟ್‌ಬಾಲ್ ಪ್ರೇಮಿಗಳೇ ತಡವರಿಸುತ್ತಾರೆ. ಮುಖ ಪರಿಚಯವಾಗದೆ ಗೆಲುವು ಕೂಡ ನೆನಪಲ್ಲಿ ಉಳಿಯುವುದಿಲ್ಲ.

ಲೀಗ್‌ಗೆ ಮೂರು ವಾರ ಮೊದಲೇ ಪ್ರತಿ ತಂಡದಿಂದ ಮೂವರನ್ನು ಆರಿಸಿ, ತಲಾ 60 ಸೆಕೆಂಡಿನ ವಿಡಿಯೊ ಮಾಡಿ. ಮೈದಾನದಲ್ಲಿ ಸಂದರ್ಶನ ಬೇಡ. ಅವರ ಕೆಲಸದ ಜಾಗಕ್ಕೇ ಹೋಗಿ. ದಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತುವ ಡಿಫೆಂಡರ್, ಕಾಲೇಜು ಬಸ್ಸಿಗೆ ಕಾಯುವ ಗೋಲಿ (ಗೋಲ್‌ಕೀಪರ್), ಅವನ ಅಂಗಿ ಒಗೆದು ಒಣಗಿಸುವ ಅಮ್ಮ. ತುಳುವೋ ಬ್ಯಾರಿಯೋ ಕೊಂಕಣಿಯೋ, ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಮಾತಾಡಲಿ, ಕೆಳಗೆ ಕನ್ನಡ ಅಕ್ಷರ ಬರಲಿ. 18 ತುಂಬದ ಹುಡುಗರಾದರೆ ಹೆತ್ತವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಜೆರ್ಸಿಯ ವಿಚಾರವೂ ಇಲ್ಲೇ ಬರುತ್ತದೆ. ಬೆನ್ನಿನ ನಂಬರ್ ಕನಿಷ್ಠ 25 ಸೆಂ.ಮೀ. ಎತ್ತರವಿರಲಿ. ಪಟ್ಟೆ ಅಂಗಿಯಾದರೆ ನಂಬರಿನ ಹಿಂದೆ ಒಂದೇ ಬಣ್ಣದ ಚೌಕ ಬೇಕು, ಇಲ್ಲದಿದ್ದರೆ ಟಿವಿಯಲ್ಲಿ 3 ಯಾವುದು 8 ಯಾವುದು ತಿಳಿಯದು. ಕಡುನೀಲಿ ತಂಡಕ್ಕೆ ಎದುರಾಗಿ ಕಪ್ಪು ತಂಡ ಇಳಿಯದಂತೆ ಶುಕ್ರವಾರವೇ ಬಣ್ಣ ನಿಗದಿ ಮಾಡಿ. ಒಂದು ಸೆಟ್ ಬಿಬ್ (ಜೆರ್ಸಿಯ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಅಂಗಿ) ಮೈದಾನದಲ್ಲಿ ಇದ್ದೇ ಇರಲಿ.

3. ಕ್ಯಾಮೆರಾ

ಮೂರು ಕ್ಯಾಮೆರಾ ಸಾಕು. ಒಂದೇ ಇದ್ದರೂ ನಡೆಯುತ್ತದೆ, ಆದರೆ ಅದು ಸರಿಯಾದ ಜಾಗದಲ್ಲಿರಬೇಕು. ಮಧ್ಯಗೆರೆಯ ನೇರಕ್ಕೆ, ಸೈಡ್‌ಲೈನ್‌ನಿಂದ 10-15 ಮೀಟರ್ ಹಿಂದೆ, 5-6 ಮೀಟರ್ ಎತ್ತರದ ಅಟ್ಟಣಿಗೆಯ ಮೇಲೆ. ಮೈದಾನದ ಪಶ್ಚಿಮ ಬದಿಯನ್ನೇ ಆರಿಸಿ, ಇಳಿಬಿಸಿಲು ಕ್ಯಾಮೆರಾದ ಬೆನ್ನಿಗಿರುತ್ತದೆ. ಪೂರ್ವದಲ್ಲಿಟ್ಟರೆ 5 ಗಂಟೆಯ ನಂತರ ಆಟಗಾರರೆಲ್ಲ ಕಪ್ಪು ನೆರಳಾಗುತ್ತಾರೆ. ನೆಲಮಟ್ಟದಲ್ಲಿ ನಿಂತು ತೆಗೆದರೆ ಆಚೆ ಬದಿಯ ಆಟಗಾರರು ಈಚೆಯವರ ಹಿಂದೆ ಮರೆಯಾಗಿ, ಪಾಸ್ ಎಲ್ಲಿಗೆ ಹೋಯಿತೆಂದೇ ಗೊತ್ತಾಗದು. ಅಟ್ಟಣಿಗೆಯನ್ನು ನಾಲ್ಕೂ ಕಡೆ ಹಗ್ಗದಿಂದ ಬಿಗಿದು, ಕಾಮೆಂಟರಿಯವರಿಗೆ ಬೇರೆ ಜಾಗ ಕೊಡಿ. ಅದೇ ಹಲಗೆಯ ಮೇಲೆ ಒಬ್ಬರು ಕಾಲು ಅಲುಗಾಡಿಸಿದರೂ ಜೂಮ್ ಮಾಡಿದ ಚಿತ್ರ ನಡುಗುತ್ತದೆ.

ನಮ್ಮಲ್ಲಿ ಕ್ಯಾಮೆರಾ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಮಿಕ್ಸರ್ ಇಟ್ಟುಕೊಂಡಿರುವವರು ಹೆಚ್ಚಾಗಿ ಮದುವೆ ಶೂಟಿಂಗ್ ತಂಡದವರು. ಕೈ ಪಳಗಿದವರೇ, ಆದರೆ ಮುಖ ಕಂಡಲ್ಲಿ ಜೂಮ್ ಮಾಡುವುದು ಅವರಿಗೆ ರೂಢಿ, ಫುಟ್‌ಬಾಲ್‌ಗೆ ಬೇಕಾಗಿರುವುದು ಅದರ ತದ್ವಿರುದ್ಧ. ಮುಖ್ಯ ಕ್ಯಾಮೆರಾದಲ್ಲಿ ಮೈದಾನದ 25-30 ಮೀಟರ್ ಉದ್ದ ಯಾವಾಗಲೂ ಕಾಣಬೇಕು. ಚೆಂಡು ಬಲಕ್ಕೆ ಓಡುವಾಗ ಅದರ ಮುಂದೆ ಬಲಗಡೆಯಲ್ಲಿ ಜಾಗ ಬಿಡಬೇಕು. ಗೋಲಿ ಎತ್ತಿ ಒದ್ದಾಗ ಚೆಂಡನ್ನು ಆಕಾಶಕ್ಕೆ ಹಿಂಬಾಲಿಸದೆ, ಅದು ಬೀಳುವ ಜಾಗಕ್ಕೆ ನಿಧಾನವಾಗಿ ತಿರುಗಿಸಬೇಕು. ಒಂದು ಅಭ್ಯಾಸ ಪಂದ್ಯದಲ್ಲಿ ಇದನ್ನೇ ಕಲಿಸಿ. ಮೊಬೈಲ್‌ನ ಡಿಜಿಟಲ್ ಜೂಮ್ ನಂಬಬೇಡಿ. 20 ಪಟ್ಟು ಆಪ್ಟಿಕಲ್ ಜೂಮ್ ಇರುವ ಹ್ಯಾಂಡಿಕ್ಯಾಮ್ ಬಾಡಿಗೆಗೆ ತನ್ನಿ.

ಎರಡನೆಯದು ಅದೇ ಎತ್ತರದಲ್ಲಿ, ಮುಖಗಳಿಗೆ. ಮೂರನೆಯದು ನೆಲದಲ್ಲಿ, ಪೆನಾಲ್ಟಿ ಬಾಕ್ಸ್ ಹತ್ತಿರ. ಮೂರೂ ಮೈದಾನದ ಒಂದೇ ಬದಿಯಲ್ಲಿರಲಿ. ಎದುರು ಬದಿಯಿಂದ ಒಂದು ಶಾಟ್ ಹಾಕಿದಿರೋ, ಬಲಕ್ಕೆ ಓಡುತ್ತಿದ್ದ ತಂಡ ಇದ್ದಕ್ಕಿದ್ದಂತೆ ಎಡಕ್ಕೆ ಓಡಿದಂತೆ ಕಂಡು ನೋಡುವವರು ಗೊಂದಲಗೊಳ್ಳುತ್ತಾರೆ. ಎಚ್‌ಡಿಎಂಐ ಕೇಬಲ್ 10-15 ಮೀಟರ್ ದಾಟಿದರೆ ಕೈಕೊಡುತ್ತದೆ. ದೂರಕ್ಕೆ ಎಸ್‌ಡಿಐ ಎಂಬ ವೃತ್ತಿಪರ ವಿಡಿಯೊ ಕೇಬಲ್ ಎಳೆಯಿರಿ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾದ ಲೆನ್ಸ್ ಕರಾವಳಿಯ ಸೆಕೆಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಮೊದಲೇ ಹೊರಗಿಡಿ.

4. ಇಂಟರ್‌ನೆಟ್, ಕರೆಂಟ್

ಚಿತ್ರದ ಸ್ಪಷ್ಟತೆ 720ಪಿ, ಸೆಕೆಂಡಿಗೆ 50 ಫ್ರೇಮ್, ಡೇಟಾ ವೇಗ 6 ಎಂಬಿಪಿಎಸ್: ಲೀಗ್ ಪಂದ್ಯಕ್ಕೆ ಇಷ್ಟು ಸಾಕು. 1080ಪಿ ಹಾಕಿ ಪದೇಪದೇ ಗಿರಕಿ ಹೊಡೆಯುವುದಕ್ಕಿಂತ ನಿಲ್ಲದೆ ಓಡುವ 720ಪಿ ಮೇಲು. ಅಪ್‌ಲೋಡ್ ವೇಗ ಇದರ ಎರಡು ಪಟ್ಟು, 12 ಎಂಬಿಪಿಎಸ್ ಇರಲಿ. ಬೆಳಿಗ್ಗೆ 10ಕ್ಕೆ ಖಾಲಿ ಮೈದಾನದಲ್ಲಿ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಜನ ಸೇರಿ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಅದೇ ಟವರ್ ಸುಸ್ತಾಗುತ್ತದೆ. ಹಿಂದಿನ ಶನಿವಾರ ಸಂಜೆ 4ರಿಂದ 6ರವರೆಗೆ ಪರೀಕ್ಷಿಸಿ. ಪಕ್ಕದ ಕಟ್ಟಡದಿಂದ ಫೈಬರ್ ಎಳೆಯಲು ಅನುಮತಿ ಸಿಕ್ಕಿದರೆ ಅದೇ ಉತ್ತಮ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಮೀಸಲು ಇರಲಿ. ಮಿಕ್ಸರ್, ರೂಟರ್, ಲ್ಯಾಪ್‌ಟಾಪ್‌ಗೆ 1 ಕೆವಿಎ ಯುಪಿಎಸ್ ಬೇಕು, ಜನರೇಟರ್ ಮೈಕ್‌ನಿಂದ ದೂರವಿರಲಿ.

ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ತೆರೆಯಲು 24 ಗಂಟೆಯವರೆಗೆ ಹಿಡಿಯಬಹುದು, ಆ ಕೆಲಸ ವಾರ ಮೊದಲೇ ಮುಗಿಸಿ. ಹಾಫ್‌ಟೈಮ್‌ನಲ್ಲಿ ಮೈದಾನದ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಲೇಬೇಡಿ. ನಿಮ್ಮ ಮೈಕ್‌ಗೆ ಅದು ಬಿದ್ದರೆ ಕಾಪಿರೈಟ್ ಎಂದು ಪ್ರಸಾರವೇ ನಿಲ್ಲಬಹುದು. ಚೆಂಡೆ, ನಾಸಿಕ್ ಬ್ಯಾಂಡ್ ಇದ್ದರೆ ತೊಂದರೆಯಿಲ್ಲ, ಕಳೆಯೂ ಹೆಚ್ಚುತ್ತದೆ.

5. ಪರದೆಯ ಅಕ್ಷರ, ಕಾಮೆಂಟರಿ

ಸ್ಕೋರ್ ಪಟ್ಟಿ ಎಡ ಮೇಲ್ಮೂಲೆಯಲ್ಲಿರಲಿ, ಆದರೆ ಅಂಚಿನಿಂದ ಸ್ವಲ್ಪ ಒಳಗೆ. ಹಳೆಯ ಟಿವಿಗಳು ಅಂಚನ್ನು ಕತ್ತರಿಸುತ್ತವೆ. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರದ ಬಾಲ ಪೆಟ್ಟಿಗೆಯ ಕೆಳಗೆ ಕತ್ತರಿಸಿಹೋಗುವುದು ಸಾಮಾನ್ಯ. ‘ಬೆಂಗ್ರೆ’, ‘ಉಳ್ಳಾಲ’ ಎಂದು ಟೈಪ್ ಮಾಡಿ, ದೊಡ್ಡ ಟಿವಿಯಲ್ಲೂ ಮೊಬೈಲ್‌ನಲ್ಲೂ ಮೊದಲೇ ನೋಡಿಬಿಡಿ.

ಕಾಮೆಂಟರಿಗೆ ಇಬ್ಬರು: ಆಟ ಹೇಳುವವರೊಬ್ಬರು, ಬಿಡಿಸಿ ಹೇಳುವ ಮಾಜಿ ಆಟಗಾರರೊಬ್ಬರು. ಟಿವಿಯಲ್ಲಿ ಚೆಂಡು ಕಾಣುತ್ತಿರುವುದರಿಂದ ರೇಡಿಯೊದಂತೆ ಪ್ರತಿ ಒದೆತ ವರ್ಣಿಸಬೇಕಿಲ್ಲ. ಚೆಂಡು ಯಾರ ಕಾಲಲ್ಲಿದೆಯೋ ಅವರ ಹೆಸರು ಹೇಳಿದರೆ ಸಾಕು. ಅದಕ್ಕಾಗಿ ಎರಡೂ ತಂಡದ ನಂಬರ್, ಹೆಸರು, ಊರು ಇರುವ ಒಂದು ಹಾಳೆ ಎದುರಿಗಿರಬೇಕು, ತಂಡ ನಿಂತ ಕ್ರಮದಲ್ಲೇ ಬರೆದದ್ದು. ಆಫ್‌ಸೈಡ್ ಆದಾಗ ರೆಫರಿ ಏಕೆ ಸೀಟಿ ಊದಿದರು ಎಂದು ಒಂದೇ ವಾಕ್ಯದಲ್ಲಿ ಹೇಳಿ. ಮನೆಯಲ್ಲಿ ಅಜ್ಜಿಯೂ ನೋಡುತ್ತಿರುತ್ತಾರೆ. ಗೋಲಾದ ಮೇಲೆ ಐದು ಸೆಕೆಂಡ್ ಬಾಯಿ ಮುಚ್ಚಿ, ಮೈದಾನದ ಕೂಗು ಕೇಳಿಸಲಿ. ಆ ಕೂಗಿಗೆಂದೇ ಗೋಲು ಕಂಬಗಳ ಹಿಂದೆ ಒಂದೊಂದು ಮೈಕ್ ಬೇಕು. ಕಡಲ ಗಾಳಿಗೆ ರೋಮದ ಕವಚ ಹಾಕದಿದ್ದರೆ ಬರೀ ಭರ್ರೆಂಬ ಸದ್ದು ಬರುತ್ತದೆ.

6. ಪಂದ್ಯ ಮುಗಿದ ಮೇಲೆ

ಕೊನೆಯ ಸೀಟಿಯ 15 ನಿಮಿಷದೊಳಗೆ ಗೋಲಿನ 30 ಸೆಕೆಂಡಿನ, ಮೊಬೈಲ್ ನೆಟ್ಟಗೆ ಹಿಡಿದು ನೋಡುವಂಥ ವಿಡಿಯೊ ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆ ತಲುಪಲಿ, ಅದರ ಕೊನೆಯಲ್ಲಿ ಮುಂದಿನ ಶನಿವಾರದ ಪಂದ್ಯ, ಸಮಯ, ಕೇಬಲ್ ಚಾನೆಲ್ ನಂಬರ್. ಪಂದ್ಯದ 50 ನಿಮಿಷದ ಎಡಿಟ್ ಮಾಡಿದ ರೂಪ ಭಾನುವಾರ ಮಧ್ಯಾಹ್ನ ಕೇಬಲ್‌ನಲ್ಲಿ ಮರುಪ್ರಸಾರವಾಗಲಿ.

ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕೆ ಒಟ್ಟು ವ್ಯೂಸ್ ನೋಡಿ ಹಿಗ್ಗಬೇಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ 10ನೇ ನಿಮಿಷಕ್ಕೆ ಎಷ್ಟು ಜನ ಇದ್ದರು, 80ನೇ ನಿಮಿಷಕ್ಕೆ ಎಷ್ಟು ಎಂದು ವಾರವಾರ ಬರೆದಿಡಿ. ಮೊದಲ ಐದು ನಿಮಿಷದಲ್ಲೇ ಜನ ಕಳಚಿಕೊಂಡರೆ ತಪ್ಪು ಚಿತ್ರದಲ್ಲೋ ಸದ್ದಿನಲ್ಲೋ ಇದೆ. ಹಾಫ್‌ಟೈಮ್‌ನಲ್ಲಿ ಹೋಗಿ ಮರಳದಿದ್ದರೆ ಆ 15 ನಿಮಿಷ ಖಾಲಿ ಮೈದಾನ ತೋರಿಸಿದ್ದೀರಿ ಎಂದರ್ಥ. ಅಲ್ಲಿ ಆಟಗಾರರ ಪರಿಚಯದ ವಿಡಿಯೊ, ಮೊದಲಾರ್ಧದ ಗೋಲುಗಳು, ಆಮೇಲೆ ಜಾಹೀರಾತು ಬರಲಿ. ಕೇಬಲ್ ವೀಕ್ಷಕರನ್ನು ಎಣಿಸಲು, ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ನೆರವಾಗದು. ಅಂಥ ಮೀಟರಿರುವ ಮನೆಗಳು ಒಂದು ಊರಿನ ಲೆಕ್ಕಕ್ಕೆ ತೀರಾ ಕಡಿಮೆ. ಹಾಫ್‌ಟೈಮ್‌ನಲ್ಲಿ ಸುಲಭದ ಪ್ರಶ್ನೆಯೊಂದನ್ನು ಕೇಳಿ, ಉತ್ತರದ ಜೊತೆ ಊರಿನ ಹೆಸರನ್ನೂ ವಾಟ್ಸ್ಆ್ಯಪ್ ಮಾಡಲು ಹೇಳಿ. ನಾಲ್ಕು ವಾರದ ಉತ್ತರಗಳನ್ನು ಊರುವಾರು ಪಟ್ಟಿ ಮಾಡಿದರೆ, ಬಟ್ಟೆ ಅಂಗಡಿಯವರ ಬಳಿಗೂ ಐಸ್‌ಕ್ರೀಮ್ ಪಾರ್ಲರ್‌ನವರ ಬಳಿಗೂ ಕೈಯಲ್ಲಿ ಹಿಡಿದು ಹೋಗಬಹುದಾದ ಕಾಗದ ಅದು. ಜಾಹೀರಾತನ್ನು ಪಂದ್ಯಕ್ಕೊಂದರಂತೆ ಮಾರದೆ 14 ಶನಿವಾರಗಳಿಗೂ ಒಟ್ಟಿಗೆ ಮಾರಿ. ಆಟ ನಡೆಯುತ್ತಿರುವಾಗ ಇಡೀ ಪರದೆಗೆ ಜಾಹೀರಾತು ಹಾಕುವುದಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.