ಕೊಬ್ಬರಿ ಅಟ್ಟದ ಕೆಳಗೆ ಹಳೇ ಕಾರು: ಸಂಕ್ರಾಂತಿವರೆಗೆ ಎತ್ತಿಡುವುದು ಹೇಗೆ?

ತಿಪಟೂರು ಕಡೆ ತೋಟ ಇರುವವರಿಗೆ ಉಂಡೆ ಕೊಬ್ಬರಿಯ ಕಷ್ಟ ಗೊತ್ತು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು-ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಅಟ್ಟಕ್ಕೆ ಸಂದು ಬಿಟ್ಟೇ ಹಲಗೆ ಹೊಡೆದಿರುತ್ತಾರೆ. ಗಾಳಿ ಆಡಬೇಕು, ನೀರು ಸೋಕಬಾರದು. ಹಳೇ ಕಾರು ಎತ್ತಿಡುವ ಲೆಕ್ಕವೂ ಇದೇ. ನಮ್ಮ ದೊಡ್ಡಪ್ಪನ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಪ್ರತಿ ವರ್ಷ ಆಗಸ್ಟ್ ಕೊನೆಯಿಂದ ಸಂಕ್ರಾಂತಿವರೆಗೆ ಅಂಥದ್ದೇ ಒಂದು ಅಟ್ಟದ ಕೆಳಗೆ ನಿಲ್ಲುತ್ತದೆ.

1961ರಿಂದ ಮದ್ರಾಸಿನಲ್ಲಿ ತಯಾರಾದ ಕಾರು ಇದು. ಎಂಜಿನ್ 948 ಸಿಸಿ. ಇದೇ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ತಂದರು. ಹಾಗಾಗಿ ಸ್ಪೋರ್ಟ್ಸ್ ಕಾರು ಇಟ್ಟವರು ಹೇಳುವ ಚಳಿಗಾಲದ ಉಪಾಯಗಳೆಲ್ಲ ನನಗೂ ಬೇಕಾದವೇ. ಆದರೆ ಅವರ ಭಯ ಹಿಮದ್ದು, ರಸ್ತೆಗೆ ಎರಚುವ ಉಪ್ಪಿನದ್ದು. ನಮ್ಮ ತುಮಕೂರಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ ಎಲ್ಲಿದೆ? ಇಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಮ್ಮ ಶತ್ರುಗಳು ತೇವ, ಹಳಸಿದ ಪೆಟ್ರೋಲ್ ಮತ್ತು ಇಲಿ.

ಮೊದಲು ಜಾಗ ನೋಡಿ

ಶೆಡ್ಡಿನಲ್ಲಿ ಏನೇನಿದೆ ಅಂತ ಒಂದು ಸಲ ಕಣ್ಣಾಡಿಸಿ. ಯೂರಿಯಾ ಮೂಟೆ ಇದೆಯಾ? ತೆಂಗಿನ ಬುಡಕ್ಕೆ ಹಾಕಲು ತಂದ ಉಪ್ಪಿನ ಚೀಲ ಇದೆಯಾ? ಎರಡನ್ನೂ ಬೇರೆ ಕಡೆ ಸಾಗಿಸಿ. ಇಂಗ್ಲೆಂಡಿನವರಿಗೆ ರಸ್ತೆಯಲ್ಲಿ ಸಿಗುವ ಉಪ್ಪು ನಮಗೆ ಮೂಲೆಯ ಚೀಲದಲ್ಲಿ ಸಿಗುತ್ತದೆ, ತುಕ್ಕು ಮಾತ್ರ ಒಂದೇ. ದನದ ಕೊಟ್ಟಿಗೆಗೆ ಅಂಟಿದ ಗೋಡೆಯೂ ಬೇಡ. ಗಂಜಲದ ಅಮೋನಿಯಾ ಹಿತ್ತಾಳೆ, ತಾಮ್ರದ ಭಾಗಗಳನ್ನು ತಿನ್ನುತ್ತದೆ.

ನೆಲ ಮಣ್ಣಿನದ್ದಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾರು ನಿಲ್ಲಿಸಿ. ನೆಲದ ತೇವ ಮೇಲೇಳುವುದು ತಪ್ಪುತ್ತದೆ. ಆದರೆ ಕಾರಿನ ಮೇಲೆ ಮಾತ್ರ ಪ್ಲಾಸ್ಟಿಕ್ ಹಾಕಬೇಡಿ. ಆ ನೀಲಿ ಟಾರ್ಪಾಲ್ ಹೊದಿಸಿದರೆ ರಾತ್ರಿ ಒಳಗೇ ಬೆವರಿ, ಬೆಳಗ್ಗೆ ಬಣ್ಣದ ಮೇಲೆ ಹನಿ ಕೂತಿರುತ್ತದೆ. ನಮ್ಮ ಮನೆಯಲ್ಲಿ ಹಳೇ ಕಾಟನ್ ಸೀರೆಗಳನ್ನು ಜೋಡಿಸಿ ಹೊಲಿದು ಹೊದಿಕೆ ಮಾಡಿದ್ದೇವೆ. ಅದಕ್ಕಿಂತ ಒಳ್ಳೇದು ನಾನು ಕಂಡಿಲ್ಲ.

ತೊಳೆದ ದಿನವೇ ಮುಚ್ಚಬೇಡಿ

ಕಾರು ಚೆನ್ನಾಗಿ ತೊಳೆಯಿರಿ. ಮಡ್‌ಗಾರ್ಡ್ ಒಳಗಿನ ಮಣ್ಣು ಪೂರ್ತಿ ಹೋಗಲಿ, ತೇವ ಹಿಡಿದಿಟ್ಟುಕೊಳ್ಳುವುದು ಅದೇ. ಮಾರನೇ ದಿನ ಬಿಸಿಲಲ್ಲಿ ಬಾಗಿಲು ತೆರೆದಿಟ್ಟು ಒಣಗಿಸಿ. ಆಮೇಲೆ ದೇವರಾಯನದುರ್ಗದ ಕಡೆಗೋ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲೋ ಒಂದು ಸುತ್ತು ಹೋಗಿ ಬನ್ನಿ. ಕನಿಷ್ಠ ಅರ್ಧ ಗಂಟೆ ಓಡಬೇಕು. ಸೈಲೆನ್ಸರ್ ಒಳಗಿನ ನೀರು ಆರುವುದು ಆಗಲೇ.

ಮನೆಗೆ ಬಂದ ಕೂಡಲೇ, ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ ಹೊಸದು ಹಾಕಿಸಿ. ‘ನಿಲ್ಲಿಸೋ ಕಾರಿಗೆ ಯಾಕೆ ಹೊಸ ಆಯಿಲ್?’ ಅಂತ ಕೇಳುವವರಿದ್ದಾರೆ. ಓಡಿಸಿದ ಆಯಿಲ್‌ನಲ್ಲಿ ಆಮ್ಲ, ನೀರು ಎರಡೂ ಸೇರಿರುತ್ತವೆ. ಅದರಲ್ಲೇ ನೆನೆದು ನಾಲ್ಕೂವರೆ ತಿಂಗಳು ಕೂತರೆ ಬೇರಿಂಗ್ ಹಾಳಾಗುತ್ತದೆ. ಹೊಸ ಆಯಿಲ್ ಹಾಕಿದ ಮೇಲೆ ಎರಡು ನಿಮಿಷ ಎಂಜಿನ್ ಓಡಲಿ, ಎಲ್ಲ ಕಡೆ ಹರಡುತ್ತದೆ. ರೇಡಿಯೇಟರ್‌ಗೆ ಸುಮ್ನೆ ಬೋರ್ ನೀರು ಬೇಡ, ಕೂಲೆಂಟ್ ಇರಲಿ. ನಮ್ಮ ಬೋರ್ ನೀರು ಗಡಸು, ಒಳಗೆಲ್ಲ ಕರೆ ಕಟ್ಟುತ್ತದೆ. ಜೊತೆಗೆ ಕೂಲೆಂಟ್ ತುಕ್ಕನ್ನೂ ತಡೆಯುತ್ತದೆ.

ಪೆಟ್ರೋಲ್ ವಿಷಯ

ಹಳೇ ಮೆಕ್ಯಾನಿಕ್‌ಗಳು ಟ್ಯಾಂಕ್ ತುಂಬಿಸಿಡಿ ಅನ್ನುತ್ತಾರೆ. ಅದು ಆ ಕಾಲದ ಪೆಟ್ರೋಲಿಗೆ ಸರಿ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ಎಥೆನಾಲ್ ಮೆತ್ತಗೆ ಮಾಡುತ್ತದೆ. ಎರಡು-ಮೂರು ತಿಂಗಳಾದರೆ ಪೆಟ್ರೋಲ್ ಬೇಗ ಹಳಸದಂತೆ ತಡೆಯುವ ಫ್ಯೂಯಲ್ ಸ್ಟೆಬಿಲೈಸರ್ ಹಾಕಿ ಟ್ಯಾಂಕ್ ತುಂಬಿಸಿಡಬಹುದು. ಅದಕ್ಕೂ ಜಾಸ್ತಿ ದಿನವಾದರೆ ನಾನು ಖಾಲಿ ಮಾಡಿಸಿ, ಟ್ಯಾಂಕ್ ಒಣಗಿಸಿ, ಮುಚ್ಚಳ ಬಿಗಿ ಮಾಡುತ್ತೇನೆ. ಇಳಿಸಿದ ಪೆಟ್ರೋಲ್ ಆ ವಾರವೇ ಸ್ಕೂಟರಿಗೆ. ಈ ಕೆಲಸ ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಸೇದುವವರು ಯಾರೂ ಇರಬಾರದು. ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ, ಅದನ್ನೂ ಪೂರ್ತಿ ಖಾಲಿ ಮಾಡಿಸಿ.

ಈಗ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಎಂಜಿನ್ ಅನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಪ್ಲಗ್ ವಾಪಸ್ ಹಾಕಿ.

ಬ್ಯಾಟರಿ, ಟೈರು, ಬ್ರೇಕು

ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ. ಮೊದಲು ಬಿಚ್ಚಬೇಕಾದ್ದು ಕಾರಿನ ಲೋಹದ ಮೈಗೆ ಜೋಡಿಸಿದ ವೈರ್. ಇಲ್ಲಿ ಒಂದು ಎಚ್ಚರ ಬೇಕು. ಬ್ರಿಟಿಷ್ ಮೂಲದ ಕೆಲವು ಹಳೇ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಆ ಮೈಗೆ ಹೋಗಿರುತ್ತದೆ. ಕೆಂಪು, ಕಪ್ಪು ಬಣ್ಣ ನಂಬಬೇಡಿ. ವೈರ್ ಎಲ್ಲಿಗೆ ಹೋಗಿದೆ ಅಂತ ಕೈಯಿಟ್ಟು ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ.

ಟೈರಿಗೆ ಮಾಮೂಲಿಗಿಂತ ಐದಾರು ಪೌಂಡ್ ಗಾಳಿ ಜಾಸ್ತಿ ಇರಲಿ. ಟೈರಿನ ಮೇಲೆ ಬರೆದಿರುವ ಮಿತಿ ದಾಟಬಾರದು ಅಷ್ಟೇ. ತಿಂಗಳಿಗೊಮ್ಮೆ ಕಾರನ್ನು ಕಾಲು ಸುತ್ತು ತಳ್ಳಿ, ಇಲ್ಲದಿದ್ದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಆಗಲೇ ಬ್ರೇಕ್, ಕ್ಲಚ್ ಪೆಡಲ್ ನಾಲ್ಕಾರು ಸಲ ಒತ್ತಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ಅಡೆ ಕೊಡಿ. ಕಾರನ್ನು ಎತ್ತಿ ನಿಲ್ಲಿಸುವುದಾದರೆ ಅದಕ್ಕೆಂದೇ ಸಿಗುವ ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ತನ್ನಿ. ಹಾಲೋ ಬ್ಲಾಕ್ ಮೇಲೆ ಖಂಡಿತ ಬೇಡ. ಅದು ಹೇಳದೆ ಕೇಳದೆ ಒಡೆಯುತ್ತದೆ, ಕೆಳಗೆ ಮನುಷ್ಯ ಇರಬಹುದು.

ಇಲಿ

ನಾನು ಪೆಟ್ಟು ತಿಂದದ್ದು ಇಲ್ಲೇ. ಮೊದಲ ವರ್ಷ ಎಲ್ಲ ಸರಿಯಾಗಿ ಮಾಡಿದ್ದೆ, ಆದರೆ ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸುತ್ತಿದ್ದೇನೆ ಅನ್ನುವುದನ್ನು ಯೋಚಿಸಲಿಲ್ಲ. ಸಂಕ್ರಾಂತಿ ಹಿಂದಿನ ದಿನ ಹೋಗಿ ಹೆರಾಲ್ಡ್ ಬಾನೆಟ್ ಎತ್ತಿದೆ. ಇದರ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ವಾಲಿ ಪೂರ್ತಿ ತೆರೆದುಕೊಳ್ಳುತ್ತದೆ, ಚಕ್ರವೂ ಕಾಣುತ್ತದೆ. ಮೇಲುನೋಟಕ್ಕೆ ಏನೂ ಇರಲಿಲ್ಲ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ತೆಂಗಿನ ನಾರಿನ ದುಂಡನೆ ಗೂಡು. ಸೀಟಿನ ಸ್ಪಂಜು ಕಿತ್ತು ತಂದು ಮೆತ್ತೆ ಮಾಡಿತ್ತು. ಪಕ್ಕದಲ್ಲಿ ಅಂಚು ಕಡಿದ ಒಂದು ಚೂರು ಕೊಬ್ಬರಿ. ಪ್ಲಗ್‌ಗಳಿಗೆ ಕಿಡಿ ಕೊಡುವ ಕಾಯಿಲ್‌ನ ವೈರಿನ ಮೇಲಿನ ರಬ್ಬರ್ ಅರ್ಧ ಬೆರಳುದ್ದ ಮಾಯವಾಗಿ ತಾಮ್ರ ಹೊಳೆಯುತ್ತಿತ್ತು. ನೋಡದೆ ಸ್ಟಾರ್ಟ್ ಮಾಡಿದ್ದರೆ ಆ ಒಣ ನಾರಿಗೆ ಒಂದು ಕಿಡಿ ಸಾಕಿತ್ತು.

ಈಗ ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಮೂತಿಗೆ ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ತುರುಕುತ್ತೇನೆ. ಬಟ್ಟೆಯನ್ನು ಇಲಿ ಕಡಿಯುತ್ತದೆ, ಇದನ್ನು ಕಡಿಯುವುದಿಲ್ಲ. ಎರಡಕ್ಕೂ ಕೆಂಪು ದಾರ ಕಟ್ಟಿ ಹೊರಗೆ ಬಿಡಬೇಕು, ಏನೇನು ತುರುಕಿದ್ದೇವೆ ಅಂತ ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಬೇಕು. ಇಲಿ ಪಾಷಾಣ ಇಡಬೇಡಿ. ತಿಂದ ಇಲಿ ಸೀಟಿನ ಒಳಗೋ ಡ್ಯಾಶ್‌ಬೋರ್ಡ್ ಹಿಂದೋ ಹೋಗಿ ಸತ್ತರೆ ಆ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಬೋನು ಇಡಿ, ಒಳಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ.

ವಾರಕ್ಕೊಮ್ಮೆ ನೋಡಿ ಅಂದೆ, ಸ್ಟಾರ್ಟ್ ಮಾಡಿ ಅನ್ನಲಿಲ್ಲ. ಐದು ನಿಮಿಷ ಓಡಿಸಿ ಆಫ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಎಂಜಿನ್ ಪೂರ್ತಿ ಕಾಯದಿದ್ದರೆ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ನೀರು ಸೇರುತ್ತದೆ, ಆರುವುದಿಲ್ಲ. ಓಡಿಸಿದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲಾಂದ್ರೆ ಮುಟ್ಟಬೇಡಿ. ಇನ್ಶೂರೆನ್ಸ್ ತಾರೀಖು ಮಾತ್ರ ಮರೆಯಬೇಡಿ.

ಎಬ್ಬಿಸುವ ದಿನ

ಚೀಟಿ ಓದಿ, ಕೆಂಪು ದಾರಗಳನ್ನು ಎಳೆದು ತೆಗೆಯಿರಿ. ರಬ್ಬರ್ ಪೈಪುಗಳನ್ನು ಬೆರಳಲ್ಲಿ ಹಿಸುಕಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷವಾಗಿದ್ದರೆ ಅದನ್ನೂ ಹೊಸದು ಮಾಡಿಸಿ, ಅದೂ ನೀರು ಎಳೆಯುವ ಪದಾರ್ಥವೇ. ಬ್ಯಾಟರಿ ಕೂರಿಸಿ, ಐದು ಲೀಟರ್ ಹೊಸ ಪೆಟ್ರೋಲ್ ಹಾಕಿ. ಕಾಯಿಲ್ ವೈರ್ ಬಿಚ್ಚಿಟ್ಟು, ಪ್ಲಗ್ ತೆಗೆದು, ತೂತುಗಳ ಮೇಲೆ ಬಟ್ಟೆ ಹಾಕಿ ಸ್ಟಾರ್ಟರ್ ತಿರುಗಿಸಿ. ನಾವು ಹಾಕಿದ ಚಮಚ ಆಯಿಲ್ ಹೊರಗೆ ಚಿಮ್ಮುತ್ತದೆ. ಆಯಿಲ್ ಪ್ರೆಶರ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ತಿರುಗಿಸಿ. ದೀಪ ಆರಿದ ಮೇಲೆ ಪ್ಲಗ್, ವೈರ್ ಜೋಡಿಸಿ ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ನೀಲಿ ಛಾಯೆಯ ಹೊಗೆ ಬಂದರೆ ಗಾಬರಿ ಬೇಡ, ಆ ಆಯಿಲ್ ಉರಿಯುತ್ತಿದೆ ಅಷ್ಟೇ.

ರಸ್ತೆಗೆ ಇಳಿಸುವ ಮುಂಚೆ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಎರಡು ಸಲ ಬ್ರೇಕ್ ಹಿಡಿದು ನೋಡಿ. ಒಂದು ಕಡೆ ಎಳೆದರೆ ಡ್ರಮ್ ಬಿಚ್ಚಿಸಿ. ಮೊದಲ ಸುತ್ತು ಹತ್ತು ಕಿಲೋಮೀಟರ್ ಸಾಕು. ವಾಪಸ್ ಬಂದು ನಿಲ್ಲಿಸುವ ಜಾಗದಲ್ಲಿ ಹಳೇ ಪೇಪರ್ ಹಾಸಿ, ಬೆಳಗ್ಗೆ ಎದ್ದು ಹನಿ ಬಿದ್ದಿದೆಯಾ ನೋಡಿ. ಯಾವ ಹನಿ ಎಲ್ಲಿ ಬಿದ್ದಿದೆ ಅಂತ ಪೆನ್ನಿನಲ್ಲಿ ಗುರುತು ಮಾಡಿ ಆ ಪೇಪರನ್ನೇ ಮೆಕ್ಯಾನಿಕ್‌ಗೆ ತೋರಿಸಿ.