ವಿವರಿಸುವ ಮೊದಲು ಬರೆಸಿ: ಪಿಯು ಅರ್ಥಶಾಸ್ತ್ರ ಕಲಿಸುವಲ್ಲಿ ನನ್ನ ಅನುಭವ

ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರ ಉತ್ತರ ಪತ್ರಿಕೆಗಳನ್ನು ತಿದ್ದುವವರಿಗೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಕಡಿಮೆ ಅಂಕ ತೆಗೆದ ಮಕ್ಕಳಿಗೂ ವ್ಯಾಖ್ಯೆಗಳು ಬಾಯಿಗೆ ಬರುತ್ತವೆ. ಎಡವುವುದು ಶೇಕಡಾ ಲೆಕ್ಕದಲ್ಲಿ, ರೇಖಾಚಿತ್ರದಲ್ಲಿ, ಮತ್ತು ‘ಹೀಗಾದರೆ ಬೆಲೆ ಏನಾಗುತ್ತದೆ’ ಎಂದು ಸ್ವಂತವಾಗಿ ಯೋಚಿಸಬೇಕಾದಲ್ಲಿ. ಇನ್ನೊಂದು ಕಟ್ಟು ನೋಟ್ಸ್ ಕೊಟ್ಟರೆ ಈ ಮೂರರಲ್ಲಿ ಯಾವುದೂ ಸರಿಹೋಗುವುದಿಲ್ಲ. ನಾವು ವಿವರಿಸುವ ಮೊದಲೇ ವಿದ್ಯಾರ್ಥಿ ತನಗೆ ತಿಳಿದ ಉತ್ತರವನ್ನು ಕಾಗದದ ಮೇಲೆ ಇಟ್ಟಿರಬೇಕು. ಕುಮಟಾ, ಹೊನ್ನಾವರ ಕಡೆಯ ತರಗತಿಗಳಲ್ಲಿ ನಾನು ನಡೆಸಿಕೊಂಡು ಬಂದದ್ದೆಲ್ಲ ಈ ಒಂದು ನಿಯಮದ ಮೇಲೆಯೇ ನಿಂತಿದೆ.

ಮೊದಲ ವಾರ ಅರ್ಥಶಾಸ್ತ್ರ ಬೇಡ, ಲೆಕ್ಕ ಸಾಕು. ಹತ್ತು ಪ್ರಶ್ನೆ, ಇಪ್ಪತ್ತು ನಿಮಿಷ, ಈ ಅಂಕ ಯಾವ ಪಟ್ಟಿಗೂ ಸೇರುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು. 80 ಇದ್ದದ್ದು 100 ಆದರೆ ಶೇಕಡಾ ಎಷ್ಟು ಏರಿತು, 100 ಇದ್ದದ್ದು 80 ಆದರೆ ಎಷ್ಟು ಇಳಿಯಿತು, 3/5ನ್ನು ದಶಮಾಂಶದಲ್ಲಿ ಬರೆಯಿರಿ, 200 − 10p = 50 + 5p ಆದರೆ p ಎಷ್ಟು, 1 ÷ (1 − 0.8) ಎಷ್ಟು, ಹೀಗೆ. ಮೊದಲೆರಡಕ್ಕೂ ಒಂದೇ ಉತ್ತರ ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಒಂದಕ್ಕೆ 25, ಇನ್ನೊಂದಕ್ಕೆ 20. ಕೊನೆಯದಕ್ಕೆ 5 ಬರಬೇಕು. 1.25 ಬರೆದವರು 0.8ರಿಂದ ಭಾಗಿಸಿದ್ದಾರೆ, 0.2 ಬರೆದವರು ಅರ್ಧಕ್ಕೇ ನಿಂತಿದ್ದಾರೆ. ಡಿಸೆಂಬರ್‌ನಲ್ಲಿ ಗುಣಕದ (ಹೂಡಿಕೆ ಏರಿದರೆ ರಾಷ್ಟ್ರೀಯ ಆದಾಯ ಅದರ ಎಷ್ಟು ಪಟ್ಟು ಏರುತ್ತದೆ ಎಂಬುದರ) ಪಾಠ ಬಂದಾಗ ಸಿದ್ಧಾಂತ ಗೊತ್ತಿದ್ದೂ ಅಂಕ ಕಳೆದುಕೊಳ್ಳುವವರು ಇವರೇ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಬಲಾರ್ಡ್ ಮತ್ತು ಜಾನ್ಸನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥ ತೀರಾ ಪ್ರಾಥಮಿಕ ಲೆಕ್ಕದ ಹಿಡಿತಕ್ಕೂ ಅರ್ಥಶಾಸ್ತ್ರದ ಅಂಕಕ್ಕೂ ಗಟ್ಟಿ ಸಂಬಂಧ ಕಂಡಿತ್ತು. ಉತ್ತರ ತಪ್ಪಿದವರನ್ನು ಪ್ರತ್ಯೇಕ ಕೂರಿಸಿ ‘ವೀಕ್ ಬ್ಯಾಚ್’ ಎಂದು ಹೆಸರಿಡಬಾರದು. ಯಾವ ಪ್ರಶ್ನೆಯಲ್ಲಿ ಹೆಚ್ಚು ಜನ ತಪ್ಪಿದರೋ ಅದೇ ಬಗೆಯ ಎರಡು ಲೆಕ್ಕವನ್ನು ಮುಂದಿನ ಎರಡು ವಾರ ದಿನವೂ ಎಲ್ಲರಿಗೂ ಕೊಟ್ಟರೆ ಸಾಕು.

ರೇಖಾಚಿತ್ರದ ತೊಂದರೆಗೆ ಬೇರೆಯೇ ಕಾರಣವಿದೆ. ಗಣಿತದಲ್ಲಿ ಕಾರಣವಾಗುವ ಸಂಖ್ಯೆ ಅಡ್ಡ ಅಕ್ಷದಲ್ಲಿ, ಪರಿಣಾಮ ಲಂಬ ಅಕ್ಷದಲ್ಲಿ ಎಂದು ಮಕ್ಕಳು ಕಲಿತು ಬಂದಿರುತ್ತಾರೆ. ಅರ್ಥಶಾಸ್ತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿ ಕೂರುತ್ತದೆ; ಆಲ್‌ಫ್ರೆಡ್ ಮಾರ್ಷಲ್ ಅವರಿಂದ ಗಟ್ಟಿಯಾಗಿ ಬೇರೂರಿದ ಪದ್ಧತಿ ಇದು. ಹಾಗಾಗಿ Q = 100 − 5P (Q ಪ್ರಮಾಣ, P ಬೆಲೆ) ಕೊಟ್ಟರೆ ಜಾಣ ಹುಡುಗನೂ 100ನ್ನು ಲಂಬ ಅಕ್ಷದ ಮೇಲೆ ಗುರುತಿಸುತ್ತಾನೆ. ಅದು ಅಡ್ಡ ಅಕ್ಷದಲ್ಲಿ ಇರಬೇಕು, ಲಂಬ ಅಕ್ಷವನ್ನು ರೇಖೆ ಮುಟ್ಟುವುದು 20ರಲ್ಲಿ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಗಣಿತದಲ್ಲಿ ಚುರುಕಾಗಿರುವವರೇ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ನಾನು ಇಡುವ ಕ್ರಮ ಇಷ್ಟು: ಮೊದಲು ಐದು ಸಾಲಿನ ಕೋಷ್ಟಕ, ಆಮೇಲೆ ಎರಡೂ ಅಕ್ಷಕ್ಕೆ ಹೆಸರು ಮತ್ತು ಅಳತೆ, ಆಮೇಲೆ ಐದು ಚುಕ್ಕಿ, ಕೊನೆಗೆ ಗೆರೆ. ಅಕ್ಷಕ್ಕೆ ಹೆಸರಿಲ್ಲದ ಚಿತ್ರವನ್ನು ನೋಡದೆಯೇ ಹಿಂದಿರುಗಿಸುತ್ತೇನೆ. ಬೋರ್ಡಿನ ಮೇಲಿನ ಚಿತ್ರವನ್ನು ನಕಲು ಮಾಡಿಸುವುದು ಬೇಡವೇ ಬೇಡ. ನಾನು ಸಂಖ್ಯೆ ಕೊಡುತ್ತೇನೆ, ಅವರು ಚಿತ್ರ ತೆಗೆಯುತ್ತಾರೆ, ಆಮೇಲೆ ಬೋರ್ಡಿನದರ ಜೊತೆ ಹೋಲಿಸಿ ತಾವೇ ತಿದ್ದಿಕೊಳ್ಳುತ್ತಾರೆ.

ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವಕ್ಕೆ, ಅಂದರೆ ಬೇಡಿಕೆ ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದ್ದಕ್ಕೆ, ನಾನು ಬಳಸುವ ಒಂದೇ ಲೆಕ್ಕ ಅಂಕೋಲೆಯ ಕರಿ ಇಶಾಡು ಮಾವಿನದ್ದು. ಡಜನಿಗೆ 400 ರೂಪಾಯಿ ಇದ್ದಾಗ 100 ಡಜನ್ ಹೋಗುತ್ತದೆ, 500 ಆದಾಗ 80 ಡಜನ್ ಹೋಗುತ್ತದೆ ಅಂದುಕೊಳ್ಳಿ. ಬೆಲೆ ಶೇ. 25 ಏರಿತು, ಬೇಡಿಕೆ ಪ್ರಮಾಣ ಶೇ. 20 ಇಳಿಯಿತು, ಸ್ಥಿತಿಸ್ಥಾಪಕತ್ವ 0.8. ಇನ್ನು ಅರ್ಧ ತರಗತಿಗೆ ಅದೇ ಲೆಕ್ಕವನ್ನು ತಿರುಗಿಸಿ, 500ರಿಂದ 400ಕ್ಕೆ ಇಳಿಯಿತು ಎಂದು ಕೊಡಿ. ಬೆಲೆ ಶೇ. 20 ಇಳಿಯಿತು, ಪ್ರಮಾಣ ಶೇ. 25 ಏರಿತು, ಉತ್ತರ 1.25. ಒಂದೇ ಮಾವು, ಒಂದೇ ಎರಡು ಚುಕ್ಕಿ, ಎರಡು ಉತ್ತರ. ಈಗ ಒಟ್ಟು ವೆಚ್ಚ (ಬೆಲೆ × ಪ್ರಮಾಣ) ನೋಡಿ ಎಂದರೆ ಎರಡೂ ಕಡೆ 40,000. ವೆಚ್ಚ ಬದಲಾಗದಿದ್ದರೆ ಉತ್ತರ 1 ಆಗಬೇಕಲ್ಲ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದಲೇ ಬರುತ್ತದೆ. ಆಗ ಎರಡು ಬೆಲೆಗಳ ಸರಾಸರಿ 450, ಎರಡು ಪ್ರಮಾಣಗಳ ಸರಾಸರಿ 90 ಇವನ್ನು ಛೇದಕ್ಕೆ ಇಟ್ಟು ಶೇಕಡಾ ಬದಲಾವಣೆ ತೆಗೆದು ಭಾಗಿಸಿದರೆ ಸರಿಯಾಗಿ 1 ಬರುತ್ತದೆ. ಪರೀಕ್ಷೆಗೆ ಪಠ್ಯದ ಸೂತ್ರವನ್ನೇ ಬರೆಯಬೇಕು, ಅದರಲ್ಲಿ ಛೇದಕ್ಕೆ ಮೂಲ ಬೆಲೆ, ಮೂಲ ಪ್ರಮಾಣ. ಆದರೆ ಇಷ್ಟು ನೋಡಿದ ಮೇಲೆ ‘ಯಾವುದರಿಂದ ಭಾಗಿಸಬೇಕು’ ಎಂಬಲ್ಲಿ ಮಕ್ಕಳು ಮತ್ತೆ ತಪ್ಪುವುದು ಬಹಳ ಕಡಿಮೆ.

ಇಡೀ ವರ್ಷದಲ್ಲಿ ಅತಿ ಹೆಚ್ಚು ಫಲ ಕೊಡುವ ಎರಡು ಪೀರಿಯಡ್ ಯಾವುದು ಎಂದು ಕೇಳಿದರೆ ಮೀನು ಪೇಟೆಯ ಆಟ ಎನ್ನುತ್ತೇನೆ. ಇಪ್ಪತ್ತು ಚೀಟಿ ಬೇಕು. ಹತ್ತು ಚೀಟಿ ಕೊಳ್ಳುವವರದ್ದು: 280, 260, 240, 220, 200, 180, 160, 140, 120, 100. ಒಂದು ಕಿಲೋ ಬಂಗುಡೆಗೆ ಆತ ಕೊಡಬಲ್ಲ ಗರಿಷ್ಠ ಬೆಲೆ ಅದು. ಇನ್ನು ಹತ್ತು ಮಾರುವವರದ್ದು: 90, 110, 130, 150, 170, 190, 210, 230, 250, 270. ಇದು ಅವರ ಖರ್ಚು, ಇದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ಚೀಟಿ ಯಾರಿಗೂ ತೋರಿಸಬಾರದು. ಒಂದು ಸುತ್ತು ಐದು ನಿಮಿಷ, ಒಬ್ಬರು ಒಂದು ಕಿಲೋ ಮಾತ್ರ. ಕೊಳ್ಳುವವರ ಲಾಭ ಚೀಟಿಯ ಬೆಲೆಯಿಂದ ಕೊಟ್ಟ ಬೆಲೆ ಕಳೆದದ್ದು, ಮಾರುವವರದ್ದು ಬಂದ ಬೆಲೆಯಿಂದ ಖರ್ಚು ಕಳೆದದ್ದು. ನಲವತ್ತು ಮಕ್ಕಳಿದ್ದರೆ ಒಂದು ಚೀಟಿಗೆ ಇಬ್ಬರು. ಅದೇ ಚೀಟಿಗಳಲ್ಲಿ ಮೂರು ಸುತ್ತು ಆಡಿಸಬೇಕು. ಮೊದಲ ಸುತ್ತಿನಲ್ಲಿ ಬೆಲೆ 130ರಿಂದ 230ರವರೆಗೆ ಎಲ್ಲೆಲ್ಲೋ ಹೋಗಬಹುದು. ಮೂರನೆಯದರ ಹೊತ್ತಿಗೆ 180–190ರ ಸುತ್ತ ಕೂರಲು ಶುರುವಾಗುತ್ತದೆ, ವ್ಯಾಪಾರ ಐದು ಕಿಲೋದ ಹತ್ತಿರ ನಿಲ್ಲುತ್ತದೆ.

ಆಟ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮೂಲೆಯಲ್ಲಿ ಇಬ್ಬರು ಪಿಸುಗುಟ್ಟಿ ವ್ಯಾಪಾರ ಮುಗಿಸಿಬಿಡುವುದು. ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು, ಕುದುರಿದ ಬೆಲೆ ಆ ಕ್ಷಣವೇ ಬೋರ್ಡಿಗೆ ಏರಬೇಕು. ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಂದ ಇಂಥ ಪೇಟೆ ಆಡಿಸಿ 1948ರಲ್ಲಿ ಪ್ರಕಟಿಸಿದಾಗ ಬೆಲೆ ಸಮತೋಲನಕ್ಕೆ (ಕೊಳ್ಳುವ ಪ್ರಮಾಣವೂ ಮಾರುವ ಪ್ರಮಾಣವೂ ಸಮವಾಗುವ ಬೆಲೆಗೆ) ಬಂದಿರಲಿಲ್ಲ. ಅಲ್ಲಿ ಇಬ್ಬಿಬ್ಬರೇ ಚೌಕಾಶಿ ಮಾಡುತ್ತಿದ್ದರು, ಒಂದೇ ಸುತ್ತು. ವರ್ನನ್ ಸ್ಮಿತ್ ಬೆಲೆಯನ್ನು ಬಹಿರಂಗವಾಗಿ ಕೂಗಿಸಿ, ಸುತ್ತು ಮೇಲೆ ಸುತ್ತು ಆಡಿಸಿ 1962ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಬೆಲೆ ಸಮತೋಲನದ ಹತ್ತಿರಕ್ಕೆ ಬೇಗ ಬಂದಿತ್ತು. ಅವರಿಗೆ 2002ರಲ್ಲಿ ನೊಬೆಲ್ ಬಂದದ್ದು ಈ ದಾರಿಯ ಕೆಲಸಕ್ಕೇ. ಕಾರವಾರದ ಮೀನು ಪೇಟೆಯಲ್ಲಿ ಬೆಳಿಗ್ಗೆ ಅರ್ಧ ತಾಸು ನಿಂತವರಿಗೆ ಕೂಗಿನ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಮಕ್ಕಳಲ್ಲಿ ಹಲವರು ಅದನ್ನು ನೋಡಿಯೇ ಬೆಳೆದವರು. ಇನ್ನೊಂದು ಎಚ್ಚರ: ಗೆಳೆಯನಿಗೆಂದು ನಷ್ಟಕ್ಕೆ ಮಾರುವವರು ಇರುತ್ತಾರೆ. ಚೀಟಿಯನ್ನು ತಂದು ತೋರಿಸಿದರೆ ಮಾತ್ರ ವ್ಯಾಪಾರ ದಾಖಲು ಎಂಬ ನಿಯಮ ಇಟ್ಟರೆ ಅದು ನಿಲ್ಲುತ್ತದೆ.

ಮೂರು ಸುತ್ತಾದ ಮೇಲೆ ಮಳೆಗಾಲ ತರಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಾರುವವರಲ್ಲಿ 90, 130, 170, 210, 250 ಚೀಟಿಯವರನ್ನು ದಡಕ್ಕೆ ಕೂರಿಸಿ. ಆಡಿಸುವ ಮೊದಲು ಪ್ರತಿಯೊಬ್ಬರೂ ಬೆಲೆ ಎಷ್ಟಾಗುತ್ತದೆ, ಎಷ್ಟು ಕಿಲೋ ಹೋಗುತ್ತದೆ ಎಂದು ಬರೆದಿಡಬೇಕು. ಉತ್ತರ: ಬೆಲೆ 220–230ಕ್ಕೆ ಏರುತ್ತದೆ, ವ್ಯಾಪಾರ ಮೂರು ಕಿಲೋಕ್ಕೆ ಇಳಿಯುತ್ತದೆ. ಆಮೇಲೆ ಎಲ್ಲರನ್ನೂ ಪೇಟೆಗೆ ಕರೆದು ಮಾರುವವರ ಮೇಲೆ ಕಿಲೋಗೆ 40 ರೂಪಾಯಿ ತೆರಿಗೆ ಹಾಕಿ. ಕೊಳ್ಳುವವರು 40 ಹೆಚ್ಚು ಕೊಡುತ್ತಾರೆ ಎಂದೇ ಬಹುತೇಕರು ಬರೆಯುತ್ತಾರೆ. ನಡೆಯುವುದು ಬೇರೆ: ಕೊಳ್ಳುವವರು 200–210 ಕೊಡುತ್ತಾರೆ, ಮಾರುವವರ ಕೈಗೆ 160–170 ಉಳಿಯುತ್ತದೆ, ನಾಲ್ಕೇ ಕಿಲೋ ಹೋಗುತ್ತದೆ. ಅದೇ ತೆರಿಗೆಯನ್ನು ಕೊಳ್ಳುವವರ ಮೇಲೆ ಹಾಕಿ ಆಡಿಸಿದರೂ ಪರಿಣಾಮ ಅದೇ. ತೆರಿಗೆ ಇಲ್ಲದಾಗ ಎಲ್ಲರ ಲಾಭ ಸೇರಿ ಹೆಚ್ಚೆಂದರೆ 550. ತೆರಿಗೆ ಬಂದ ಮೇಲೆ ಸರ್ಕಾರದ 160 ಸೇರಿಸಿಯೂ 520. ಆ 30 ಎಲ್ಲಿ ಹೋಯಿತು ಎಂದು ಹುಡುಕಲು ಬಿಡಿ. 200ರ ಚೀಟಿಯವನೂ 170ರ ಚೀಟಿಯವನೂ ಬರಿಗೈಯಲ್ಲಿ ನಿಂತಿರುವುದು ಅವರ ಕಣ್ಣೆದುರೇ ಇರುತ್ತದೆ.

ಎರಡನೇ ಪೀರಿಯಡ್‌ನ ಕೊನೆಯ ಇಪ್ಪತ್ತು ನಿಮಿಷ ಮಾತ್ರ ಆಟಕ್ಕೆ ಕೊಡಬಾರದು. ಎಲ್ಲ ಚೀಟಿ ಬಯಲು ಮಾಡಿ, ಕೊಳ್ಳುವವರದ್ದನ್ನು ದೊಡ್ಡದರಿಂದ ಚಿಕ್ಕದಕ್ಕೆ, ಮಾರುವವರದ್ದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಎರಡು ರೇಖೆ ತೆಗೆಸಬೇಕು. ಈ ಕೆಲಸ ಬಿಟ್ಟರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಗದ್ದಲ ಮಾತ್ರ.

ರೇಖೆಯ ಮೇಲಿನ ಚಲನೆ, ರೇಖೆಯೇ ಪಲ್ಲಟವಾಗುವುದು, ಇವೆರಡರ ನಡುವಿನ ವ್ಯತ್ಯಾಸ ಇಷ್ಟಾದರೂ ಪೂರ್ತಿ ಕೂರುವುದಿಲ್ಲ. ಅದಕ್ಕೆ ನಾಲ್ಕು ಆಯ್ಕೆಯ ಪ್ರಶ್ನೆ ಇಟ್ಟು, ಕಣ್ಣು ಮುಚ್ಚಿಸಿ ಬೆರಳು ಎತ್ತಿಸುತ್ತೇನೆ. ‘ಜುಲೈನಲ್ಲಿ ಮೀನು ತುಟ್ಟಿಯಾಯಿತು, ಜನ ಕಡಿಮೆ ಕೊಂಡರು, ಕೋಳಿ ಹೆಚ್ಚು ಕೊಂಡರು. ಮೀನಿನ ಬೇಡಿಕೆ ರೇಖೆ ಏನಾಯಿತು? ಕೋಳಿಯದ್ದು ಏನಾಯಿತು?’ ಮೀನಿನ ಬೇಡಿಕೆ ರೇಖೆ ಇದ್ದಲ್ಲೇ ಇದೆ, ಅದರ ಮೇಲೆ ನಾವು ಮೇಲಕ್ಕೆ ಸರಿದೆವು. ಕೋಳಿಯ ರೇಖೆ ಬಲಕ್ಕೆ ಹೋಯಿತು. ಸರಿ ಬೆರಳು ಮೂರನೇ ಒಂದರಿಂದ ಮೂರನೇ ಎರಡರಷ್ಟು ಇದ್ದರೆ ಪಕ್ಕದವರನ್ನು ಒಪ್ಪಿಸಲು ಮೂರು ನಿಮಿಷ ಕೊಟ್ಟು ಮತ್ತೆ ಎತ್ತಿಸುವುದು. ಭೌತಶಾಸ್ತ್ರದ ಎರಿಕ್ ಮಜೂರ್ ಬೆಳೆಸಿದ ವಿಧಾನ ಇದು. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ಪಾಠವನ್ನೇ ಮತ್ತೊಮ್ಮೆ ಮಾಡಬೇಕು. ಪಕ್ಕದವರೊಡನೆ ಕನ್ನಡವೋ ಕೊಂಕಣಿಯೋ ಯಾವುದು ಬೇಕೋ ಅದರಲ್ಲೇ ವಾದಿಸಲಿ. ಕಾಮರ್ಸ್‌ನ ಇಂಗ್ಲಿಷ್ ಮಾಧ್ಯಮದವರಿಗೂ ಇದೇ ಮಾತು. ಬರೆಯುವಾಗ ಪಾರಿಭಾಷಿಕ ಪದ ಸರಿ ಇದ್ದರಾಯಿತು.

ಅವಕಾಶ ವೆಚ್ಚ (ಒಂದನ್ನು ಆರಿಸಿದಾಗ ಕೈಬಿಟ್ಟ ಅತ್ಯುತ್ತಮ ಆಯ್ಕೆಯಿಂದ ಸಿಗುತ್ತಿದ್ದ ಲಾಭ) ಸುಲಭ ಪಾಠ ಎಂದು ಹತ್ತು ನಿಮಿಷದಲ್ಲಿ ಮುಗಿಸುವವರು ಈ ಪ್ರಶ್ನೆ ಕೊಟ್ಟು ನೋಡಲಿ. ಹೊನ್ನಾವರದಲ್ಲಿ ಒಂದು ಯಕ್ಷಗಾನಕ್ಕೆ ನಿಮಗೆ ಉಚಿತ ಪಾಸ್ ಸಿಕ್ಕಿದೆ, ಅದನ್ನು ಮಾರುವಂತಿಲ್ಲ. ಅದೇ ರಾತ್ರಿ ಇನ್ನೊಂದು ಮೇಳದ ಆಟ ಇದೆ, ಟಿಕೆಟ್ 300 ರೂಪಾಯಿ. ಅದನ್ನು ನೋಡಲು ನೀವು 400ರವರೆಗೂ ಕೊಡಲು ಸಿದ್ಧ. ಮೊದಲ ಆಟಕ್ಕೆ ಹೋದರೆ ಅವಕಾಶ ವೆಚ್ಚ 0, 100, 300, 400ರಲ್ಲಿ ಯಾವುದು? ಉತ್ತರ 100: ಬಿಟ್ಟುಕೊಟ್ಟ ಆಟದಿಂದ ಸಿಗುತ್ತಿದ್ದದ್ದು 400ರಷ್ಟು, ಅದಕ್ಕೆ ತೆರಬೇಕಿದ್ದದ್ದು 300. ಫೆರಾರೊ ಮತ್ತು ಟೇಲರ್ ಇದೇ ಬಗೆಯ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞರ 2005ರ ವಾರ್ಷಿಕ ಸಮ್ಮೇಳನದಲ್ಲಿ 199 ಜನರಿಗೆ ಕೊಟ್ಟಾಗ ಸರಿ ಉತ್ತರ ಕೊಟ್ಟವರು ಶೇ. 21.6 ಮಾತ್ರ. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಶೇ. 25 ಬರುತ್ತಿತ್ತು. ಮಕ್ಕಳಿಗೆ ಈ ಸಂಖ್ಯೆ ಹೇಳಿದರೆ ತಪ್ಪಿದವರ ಸಂಕೋಚ ಅರ್ಧ ಇಳಿಯುತ್ತದೆ.

ಕಲಿತದ್ದು ಪರೀಕ್ಷೆಯವರೆಗೆ ಉಳಿಯಬೇಕಾದರೆ ದಿನವೂ ಐದು ನಿಮಿಷದ ನೆನಪಿನ ಪರೀಕ್ಷೆ ಬೇಕು. ನಾಲ್ಕು ಪ್ರಶ್ನೆ: ಒಂದು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು, ಒಂದು ಚಿತ್ರ. ಪುಸ್ತಕ ಮುಚ್ಚಿ ಬರೆದು, ಆಮೇಲೆ ತಾವೇ ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳುವುದು. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದಂತೆ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಒಂದು ವಾರದ ನಂತರ ಮುಂದಿದ್ದವರು ನೆನಪಿನಿಂದ ಬರೆದು ನೋಡಿದವರು. ನಮ್ಮಲ್ಲಿ ಈ ಪರೀಕ್ಷೆಯನ್ನು ಮೊದಲ ಪೀರಿಯಡ್‌ನ ಆರಂಭಕ್ಕೆ ಇಡಬಾರದು. ಘಟ್ಟದ ಕಡೆಯ ಬಸ್ ತಡವಾದರೆ ದೂರದಿಂದ ಬರುವ ಮಕ್ಕಳಿಗೆ ದಿನವೂ ತಪ್ಪಿಹೋಗುತ್ತದೆ. ಅರ್ಥಶಾಸ್ತ್ರ ಮೊದಲ ಪೀರಿಯಡ್‌ಗೆ ಬೀಳುವ ದಿನಗಳಲ್ಲಿ ಅದನ್ನು ಪೀರಿಯಡ್‌ನ ಕೊನೆಗೆ ಇಡುವುದು ಒಳ್ಳೆಯದು. ಜುಲೈಯಲ್ಲಿ ಮಳೆ ರಜೆ ಮೇಲಿಂದ ಮೇಲೆ ಬೀಳುವುದರಿಂದ ಎರಡು ಪೀರಿಯಡ್ ಬೇಡುವ ಆಟವನ್ನು ಆಗಸ್ಟ್‌ಗೆ ಇಟ್ಟುಕೊಳ್ಳುವುದೂ ಇದೇ ಲೆಕ್ಕದಲ್ಲಿ.

ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಅಂತರ್ಜಾಲದಿಂದ ಇಳಿಸಿ ಬಣ್ಣದ ಹೊದಿಕೆ ಹಾಕಿದ ಪ್ರಾಜೆಕ್ಟ್‌ನಿಂದ ಯಾರೂ ಏನೂ ಕಲಿಯುವುದಿಲ್ಲ. ಎಂಟು ವಾರದ ಬೆಲೆ ಬರೆದು ತರಲು ಹೇಳಿ. ಕರಾವಳಿಯವರು ಬಂಗುಡೆ ಅಥವಾ ಕುಮಟಾ ಈರುಳ್ಳಿ, ಶಿರಸಿ ಕಡೆಯವರು ಅಡಿಕೆ ತೆಗೆದುಕೊಳ್ಳಲಿ. ಅಡಿಕೆಯಲ್ಲಿ ಮಕ್ಕಳು ತಪ್ಪುವುದು ಒಂದು ವಾರ ರಾಶಿಯ ದರ, ಮರುವಾರ ಚಾಲಿಯ ದರ ಬರೆಯುವುದರಲ್ಲಿ. ಒಂದು ಹಸಿ ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು, ಇನ್ನೊಂದು ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು, ಅವುಗಳ ದರವೇ ಬೇರೆ. ಮಾರುಕಟ್ಟೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಎರಡೂ ಇರುತ್ತವೆ. ಒಂದು ವಾರ ಅದು, ಒಂದು ವಾರ ಇದು ತೆಗೆದುಕೊಂಡರೆ ಏರಿಳಿತವೇ ಸುಳ್ಳು. ಒಂದೇ ಬಗೆ, ಒಂದೇ ಮಾರುಕಟ್ಟೆ, ವಾರದ ಒಂದೇ ದಿನ, ಒಂದೇ ಅಂಕಣ ಎಂದು ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಬೆಲೆ ಅತಿ ಹೆಚ್ಚು ಜಿಗಿದ ವಾರವನ್ನು ಆರಿಸಿ, ಎರಡು ಸಂಭವನೀಯ ಕಾರಣ ಬರೆದು, ಪ್ರತಿ ಕಾರಣಕ್ಕೂ ಯಾವ ರೇಖೆ ಯಾವ ಕಡೆ ಸರಿಯಿತು ಎಂದು ಚಿತ್ರ ತೆಗೆಯಲಿ. ನಾನು ಅಂಕ ಕೊಡುವುದು ಹೆಚ್ಚಾಗಿ ಆ ಒಂದು ಪುಟಕ್ಕೆ, ಅದನ್ನು ನನ್ನೆದುರೇ ತರಗತಿಯಲ್ಲಿ ಬರೆಸುತ್ತೇನೆ.